ಶಾಲೆ ಮಕ್ಕಳ ತೋಟ: ರಜೆಯಿಂದ ಹಿಂದಕ್ಕೆ ಎಣಿಸಿ

ಚಿಕ್ಕ ಮಕ್ಕಳಿಗೆ ಶಾಲೆಯಲ್ಲಿ ತರಕಾರಿ ತೋಟದ ಕ್ಲಬ್ ಮಾಡೋಣ ಅಂದುಕೊಂಡವರು ಮೊದಲು ಬೀಜ ತರೋಕೆ ಓಡುತ್ತಾರೆ. ಬೀಜ ಆಮೇಲೆ. ಮೊದಲು ಶಾಲೆಯ ಕ್ಯಾಲೆಂಡರ್ ಹಿಡಿದು ಕೂತುಕೊಳ್ಳಿ. ಪರೀಕ್ಷೆ ಯಾವಾಗ, ದೊಡ್ಡ ರಜೆ ಯಾವಾಗ ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಕಾಯಿ ಬಿಡುವ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿದ್ದರೆ ಮಕ್ಕಳ ಕೈಗೆ ಏನು ಸಿಕ್ಕ ಹಾಗಾಯಿತು? ತಾನು ಹಾಕಿದ ಬೀಜದ್ದನ್ನು ತಾನೇ ಕಿತ್ತು, ತೊಳೆದು, ತಿಂದ ಮಗು ಮುಂದಿನ ಸಲ ಕರೆಯದೇ ಬರುತ್ತದೆ.

ಅದಕ್ಕೇ ಮೊದಲ ಬೆಳೆ ಬೇಗ ಬರುವಂಥದ್ದೇ ಇರಲಿ. ಗುಂಡು ಕೆಂಪು ಮೂಲಂಗಿ 4-5 ದಿನದಲ್ಲಿ ಮೊಳೆಯುತ್ತದೆ, 25-30 ದಿನಕ್ಕೆ ಕೀಳಬಹುದು. ಪಾಲಕ್ ಸೊಪ್ಪಿಗೆ ಅದಕ್ಕಿಂತ ಒಂದು ವಾರ ಹತ್ತು ದಿನ ಜಾಸ್ತಿ. ಬೀನ್ಸ್‌ನಲ್ಲಿ ಬಳ್ಳಿ ಬೇಡ, ಗಿಡ್ಡ ಗಿಡದ ಜಾತಿ ಹಾಕಿ, 50-60 ದಿನಕ್ಕೆ ಕಾಯಿ ಸಿಗುತ್ತದೆ, ಮೇಲಾಗಿ ಬೀಜ ದಪ್ಪ ಇರುವುದರಿಂದ ಪುಟ್ಟ ಬೆರಳಿಗೆ ಹಿಡಿಯಲು ಸುಲಭ. ಕ್ಯಾರೆಟ್ ಮೊಳೆಯುವುದಕ್ಕೇ ಒಮ್ಮೊಮ್ಮೆ 2-3 ವಾರ ಬೇಕು, ಅಷ್ಟರಲ್ಲಿ ಆರು ವರ್ಷದ ಮಗು ಬೀಜ ಹಾಕಿದ್ದನ್ನೇ ಮರೆತಿರುತ್ತದೆ. ಟೊಮೆಟೊ ಬೇಕೇ ಬೇಕು ಅಂದರೆ ಬೀಜದಿಂದ ಹಣ್ಣಿನವರೆಗೆ ಮೂರು ತಿಂಗಳಿಗಿಂತ ಜಾಸ್ತಿ ಲೆಕ್ಕ ಹಾಕಿಕೊಳ್ಳಿ.

ಜಾಗಕ್ಕೆ ದಿನಕ್ಕೆ ಕಡಿಮೆ ಅಂದರೂ 6 ಗಂಟೆ ಬಿಸಿಲು ಬೇಕು, ನಲ್ಲಿ ಹತ್ತಿರ ಇರಬೇಕು. ನೀರು ದೂರ ಇದ್ದರೆ ಎರಡನೇ ವಾರಕ್ಕೆ ಉತ್ಸಾಹ ಇಳಿಯುತ್ತದೆ. ಬಣ್ಣ ಕಿತ್ತು ಬರುತ್ತಿರುವ ಹಳೇ ಗೋಡೆಯ ಬುಡ ಬೇಡ, ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅದು ಮಣ್ಣಿಗೆ ಸೇರುತ್ತದೆ. ಮಡಿ 3 ಅಡಿಗಿಂತ ಅಗಲ ಮಾಡಬೇಡಿ, ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿಗೆ ಮುಟ್ಟಬೇಕು, ಇಲ್ಲದಿದ್ದರೆ ಮಕ್ಕಳು ಮಡಿ ಒಳಗೇ ಕಾಲಿಟ್ಟು ಮಣ್ಣು ಗಟ್ಟಿಯಾಗಿಬಿಡುತ್ತದೆ. ಉದ್ದ 6 ಅಡಿ ಸಾಕು. ಮೊದಲ ಸಲಕ್ಕೆ ಅಂಥವು ಎರಡೇ ಎರಡು. ನೆಲ ಇಲ್ಲದಿದ್ದರೆ ತಳಕ್ಕೆ ತೂತು ಇರುವ ಡಬ್ಬ, ಬಕೆಟ್ ಆದೀತು, ಬೀನ್ಸ್‌ಗೆ ಒಂದಡಿ ಆಳ ಇರಲಿ.

ಮಕ್ಕಳು 12-15 ಜನ, ದೊಡ್ಡವರು ಕನಿಷ್ಠ ಇಬ್ಬರು. ಒಬ್ಬರೇ ನಡೆಸುತ್ತೇನೆ ಅನ್ನುವುದು ಬೇಡ, ನಿಮಗೆ ಜ್ವರ ಬಂದ ವಾರ ಕ್ಲಬ್ ನಿಲ್ಲಬಾರದು ಅಲ್ವಾ? ವಾರಕ್ಕೊಂದು ದಿನ ಮುಕ್ಕಾಲು ಗಂಟೆ ಸೇರಿ, ಉಳಿದ ದಿನ ನೀರಿನ ಕೆಲಸ ಇಬ್ಬಿಬ್ಬರ ಜೋಡಿಗೆ ಹಂಚಿ.

ಈ ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಕ್ಕಳಿಗೆ ಪ್ರೀತಿ ಅಂದರೆ ನೀರು. ಬಕೆಟ್ ಕೊಟ್ಟರೆ ಒಂದೇ ಸಲ ಸುರಿಯುತ್ತಾರೆ, ಬೀಜ ತೇಲಿ ಮೂಲೆಗೆ ಹೋಗುತ್ತದೆ. ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ (ನೀವೇ ಮಾಡಿ, ಮಕ್ಕಳ ಕೈಗೆ ಕೊಡಬೇಡಿ) ಏಳೆಂಟು ತೂತು ಮಾಡಿಕೊಡಿ, ಮಳೆಯ ಹಾಗೆ ಸಣ್ಣಗೆ ಬೀಳುತ್ತದೆ. ಹಾಕುವ ಮುಂಚೆ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣೊಳಗೆ ಇಳಿಸಲಿ. ತುದಿಗೆ ತಂಪು ತಾಗಿ ಮಣ್ಣು ಅಂಟಿಕೊಂಡು ಬಂದರೆ ಇವತ್ತು ನೀರಿಲ್ಲ, ಒಣ ಪುಡಿ ಬಂದರೆ ಹಾಕಬಹುದು. ಹೀಗೆ ಮಗುವೇ ತೀರ್ಮಾನ ಮಾಡಲಿ, ನೀವು ಬಾಯಿ ಹಾಕಬೇಡಿ. ಬೀಜ ಮೊಳೆಯುವ ತನಕ ಮಾತ್ರ ಮೇಲ್ಮಣ್ಣು ಒಣಗಬಾರದು, ಆಗ ಈ ಲೆಕ್ಕ ಬೇಡ.

ಬೀಜ ಎಷ್ಟು ಆಳ ಅಂತ ಕೇಳುತ್ತಾರೆ. ಬೀಜದ ದಪ್ಪದ ಎರಡು ಮೂರು ಪಟ್ಟು, ಅಷ್ಟೇ. ಗುಲಾಬಿ, ನೀಲಿ ಪುಡಿ ಮೆತ್ತಿದ ಬೀಜ ಮಕ್ಕಳಿಗೆ ಕೊಡಲೇಬೇಡಿ, ಅದಕ್ಕೆ ಔಷಧಿ ಹಾಕಿರುತ್ತಾರೆ, ಮಕ್ಕಳ ಕೈ ಯಾವ ಹೊತ್ತಿಗೆ ಬಾಯಿಗೆ ಹೋಗುತ್ತದೋ ಹೇಳಲಾಗದು. ಹಸಿ ಸಗಣಿಯೂ ಬೇಡ. ಚೆನ್ನಾಗಿ ಕಳಿತು ಮಣ್ಣಿನ ವಾಸನೆ ಬರುವ ಗೊಬ್ಬರ ಮಾತ್ರ. ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯದೆ ಯಾರನ್ನೂ ತರಗತಿಗೆ ಬಿಡಬೇಡಿ. ಟೆಟನಸ್ ಲಸಿಕೆ ಆಗಿದೆಯಾ, ಯಾವುದಾದರೂ ತರಕಾರಿಗೆ ಅಥವಾ ಜೇನು ಕಡಿತಕ್ಕೆ ಅಲರ್ಜಿ ಇದೆಯಾ ಅಂತ ಪಾಲಕರಿಂದ ಮೊದಲೇ ಬರೆಸಿಕೊಳ್ಳಿ. ಹುಳು ಕಂಡರೆ ಔಷಧಿ ಹೊಡೆಯಬೇಡಿ. ಕಂಬಳಿಹುಳು ಮುಟ್ಟಿದರೆ ತುರಿಕೆ, ಅದನ್ನು ನೀವೇ ಕಡ್ಡಿಯಲ್ಲಿ ತೆಗೆಯಿರಿ. ಎಲೆ ಹೇನು ಬಂದಿದ್ದರೆ ನೀರು ಜೋರಾಗಿ ಚಿಮ್ಮಿಸಿದರೆ ಬಹಳಷ್ಟು ಉದುರುತ್ತವೆ.

ಕಷ್ಟದ ದಿನ ಅಂದರೆ ಒತ್ತಾಗಿ ಬಂದ ಮೂಲಂಗಿ ಸಸಿ ಕೀಳುವ ದಿನ. ಚಿಕ್ಕವರು ಅಳುವುದೂ ಉಂಟು, "ಇದು ನನ್ನದು, ಕೀಳಬೇಡಿ" ಅಂತ. ಸುಮ್ನೆ ಬೈಯಬೇಡಿ. ಅರ್ಧ ಸಾಲು ಹಾಗೇ ಬಿಡಿ, ಇನ್ನರ್ಧದಲ್ಲಿ ಎರಡು ಇಂಚಿಗೊಂದು ಉಳಿಸಿ ಮಿಕ್ಕಿದ್ದನ್ನು ಮೊಂಡು ತುದಿಯ ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಲಿ, ಕಿತ್ತರೆ ಪಕ್ಕದ ಬೇರು ಅಲ್ಲಾಡುತ್ತದೆ. ಕತ್ತರಿಸಿದ ಎಳೇ ಸಸಿ ತೊಳೆದು ತಿನ್ನಬಹುದು, ಖಾರ ಖಾರ ಇರುತ್ತದೆ. ತಿಂಗಳ ಕೊನೆಗೆ ಎರಡೂ ಕಡೆ ಕಿತ್ತು ಪಕ್ಕ ಪಕ್ಕ ಇಟ್ಟರೆ ಒಂದರಲ್ಲಿ ಗಡ್ಡೆ, ಇನ್ನೊಂದರಲ್ಲಿ ಬರೀ ದಾರದಂಥ ಬೇರು. ಮುಂದಿನ ಸಲ ಅವರೇ ಕತ್ತರಿ ಕೇಳುತ್ತಾರೆ.

ಇನ್ನೊಂದು, ಸತ್ತ ಗಿಡದ ಜಾಗಕ್ಕೆ ಮಕ್ಕಳಿಲ್ಲದಾಗ ಹೊಸದು ತಂದು ನೆಡಬೇಡಿ. ಅವರ ಎದುರಿಗೇ ಕಿತ್ತು ಬೇರು ತೋರಿಸಿ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಹೆಚ್ಚಾಗಿ ನೀರು ಜಾಸ್ತಿಯಾಗಿ ಕೊಳೆತದ್ದು. ವಕ್ರವಾದ ಸಾಲನ್ನೂ ನೆಟ್ಟಗೆ ಮಾಡಲು ಹೋಗಬೇಡಿ.

ರಜೆಗೆ ಮುಂಚೆ ಬೀನ್ಸ್ ಗಿಡ ಎರಡರಲ್ಲಿ ಕಾಯಿ ಕೀಳದೆ ಬಿಡಿ. ಸಿಪ್ಪೆ ಒಣಗಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಆಗ ಬೀಜ ಬಿಡಿಸಿ, ಇನ್ನೊಂದಷ್ಟು ದಿನ ನೆರಳಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಿ ಹೆಸರು, ತಾರೀಕು ಬರೆಸಿ. ಈ ಒಣ ಬೀಜ ಹಸಿಯಾಗಿ ತಿನ್ನುವಂಥದ್ದಲ್ಲ, ಹೊಟ್ಟೆ ಕೆಡುತ್ತದೆ, ಅದನ್ನು ಮಕ್ಕಳಿಗೆ ಗಟ್ಟಿಯಾಗಿ ಹೇಳಿ. ಹೈಬ್ರಿಡ್ ತಳಿಯ ಬೀಜ ಎತ್ತಿಟ್ಟರೆ ತಾಯಿ ಗಿಡದ ಹಾಗೇ ಬರುವ ಖಾತ್ರಿ ಇಲ್ಲ, ಆದ್ದರಿಂದ ಕೊಳ್ಳುವಾಗಲೇ ಪಾಕೆಟ್ ಮೇಲೆ ಓದಿ ನೋಡಿ ತನ್ನಿ.