ಹರಳು ಹಿಡಿದು ಧ್ಯಾನಕ್ಕೆ ಕೂರುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ಹರಳಿನಿಂದ ಏನೋ ಶಕ್ತಿ ಹೊರಟು ನಮ್ಮ ಮೈಯ ಎನರ್ಜಿ ಸರಿ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. 2001ರಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ 80 ಜನರ ಕೈಗೆ ಹರಳು ಕೊಟ್ಟು ಐದು ನಿಮಿಷ ಧ್ಯಾನಕ್ಕೆ ಕೂರಿಸಿದ್ದರು. ಕೆಲವರದು ಅಸಲಿ, ಕೆಲವರದು ನಕಲಿ. ಮೈ ಜುಮ್ಮೆಂದಿತು, ಹಿತವಾಯಿತು ಅಂತ ಎರಡೂ ಕಡೆಯವರು ಒಂದೇ ಥರ ಹೇಳಿದರು! ಮತ್ತೆ ಹರಳು ಯಾಕೆ ಬೇಕು ಅಂದರೆ, ನುಣ್ಣಗೆ ತಣ್ಣಗಿರುವ ವಸ್ತುವೊಂದು ಅಂಗೈಯಲ್ಲಿದ್ದರೆ ಅಲೆಯುವ ಮನಸ್ಸಿಗೆ ಒಂದು ಗೂಟ ಸಿಕ್ಕಂತಾಗುತ್ತದೆ. ಜಪಮಾಲೆ ಎಣಿಸುವಾಗ ಆಗುವುದೂ ಹೀಗೇ ಅಲ್ವಾ?

ಮೊದಲು ಕೊಳ್ಳುವ ವಿಷಯ. ಒಂದೇ ಸಾಕು. ಏಳು ಚಕ್ರಕ್ಕೆ ಏಳು ಬಣ್ಣ ಅಂತ ಡಬ್ಬಿಯಲ್ಲಿ ಮಾರುತ್ತಾರಲ್ಲ, ಆ ಕಾಮನಬಿಲ್ಲಿನ ಲೆಕ್ಕ ತೀರಾ ಇತ್ತೀಚಿನದು, ಅದೂ ಪಶ್ಚಿಮದಲ್ಲಿ ಹುಟ್ಟಿದ್ದು. ಹಳೆಯ ತಂತ್ರದ ಚಿತ್ರಣದಲ್ಲಿ ಮೊದಲ ಚಕ್ರ ಮೂಲಾಧಾರದ ಒಳಗಿರುವುದು ಹಳದಿ ಚೌಕ, ಡಬ್ಬಿಯವರು ಹೇಳುವ ಕೆಂಪಲ್ಲ. ಅಮೆಥಿಸ್ಟ್, ರೋಸ್ ಕ್ವಾರ್ಟ್ಜ್, ಟೈಗರ್ ಐ, ಸ್ಫಟಿಕ, ಅಕೀಕ್ (ಅಗೇಟ್) ಎಲ್ಲವೂ ನಮ್ಮ ಬೆಣಚುಕಲ್ಲಿನ ನೆಂಟರೇ. ಕೈಗೆ ಯಾವುದು ಹಿತವೋ ಅದನ್ನೇ ತಗೊಳ್ಳಿ.

ಗಾಜನ್ನು ಸ್ಫಟಿಕ ಅಂತ ಕೊಟ್ಟುಬಿಡುವವರೂ ಇದ್ದಾರೆ. ಬೆಳಕಿಗೆ ಹಿಡಿದು ನೋಡಿ, ಒಳಗೆ ದುಂಡನೆ ಗುಳ್ಳೆ ಕಂಡರೆ ಅದು ಗಾಜು. ನಿಜವಾದ ಸ್ಫಟಿಕ ಕೈಗೆ ಜಾಸ್ತಿ ತಣ್ಣಗೆ ಅನಿಸುತ್ತದೆ, ಬಿಸಿಯಾಗಲು ಹೊತ್ತು ಹಿಡಿಯುತ್ತದೆ.

ಅಕೀಕ್ ಕೊಂಡರೆ ಅದು ಗುಜರಾತಿನ ಖಂಭಾತ್‌ನಲ್ಲಿ ನುಣುಪಾದದ್ದು ಇರಬಹುದು. ರತನ್‌ಪುರದ ಕಡೆಯ ಕಲ್ಲನ್ನು ಅಲ್ಲಿ ಕಾಯಿಸಿ ಕೆಂಪು ಬರಿಸುವುದು, ಉಜ್ಜುವುದು ಶತಮಾನಗಳ ಕಸುಬು. ಉಜ್ಜುವಾಗ ಏಳುವ ದೂಳು ಶ್ವಾಸಕೋಶ ಹೊಕ್ಕು ಸಿಲಿಕೋಸಿಸ್ ಅನ್ನುವ ಕಾಯಿಲೆ ತರುತ್ತದೆ, ಅಲ್ಲಿನ ಎಷ್ಟೋ ಕೆಲಸಗಾರರನ್ನು ಅದು ತಿಂದಿದೆ. ನಮ್ಮ ನೆಮ್ಮದಿಗೆ ಅಂತ ಕೊಳ್ಳುವ ಕಲ್ಲು ಇದು. ಹಾಗಾಗಿ ರಾಶಿಗಟ್ಟಲೆ ಕೂಡಿಡಬೇಡಿ ಅನ್ನುವುದು ನನ್ನ ಮಾತು.

ತಂದ ಮೇಲೆ ಸೋಪು ನೀರಲ್ಲಿ ತೊಳೆದು ಒರೆಸಿ. ಸೆಲೆನೈಟ್ ಆದರೆ ನೀರು ಮುಟ್ಟಿಸಬೇಡಿ, ಅದು ಜಿಪ್ಸಮ್ ಅನ್ನುವ ಮೆತ್ತನೆ ಕಲ್ಲು, ಉಗುರು ತಾಗಿದರೂ ಅದರ ಮೇಲೆ ಗೀರು ಬೀಳುತ್ತದೆ. ಶಕ್ತಿ ತುಂಬಲಿ ಅಂತ ಬೆಳದಿಂಗಳಲ್ಲಿ ಇಡುವ ಆಸೆ ಇದ್ದರೆ ಇಡಿ, ನಷ್ಟವೇನಿಲ್ಲ. ಅಮೆಥಿಸ್ಟನ್ನು ಬಿಸಿಲಿನಲ್ಲಿ ದಿನಗಟ್ಟಲೆ ಬಿಟ್ಟರೆ ಮಾತ್ರ ನೇರಳೆ ಬಣ್ಣ ಮಾಸುತ್ತದೆ. ಕುಡಿಯುವ ನೀರಿಗೆ ಹರಳು ಹಾಕುವ ಫ್ಯಾಷನ್ ಬೇಡವೇ ಬೇಡ: ಮಲಕೈಟ್ ಅನ್ನುವ ಹಸಿರು ಕಲ್ಲಿನಲ್ಲಿ ತಾಮ್ರ ಇರುತ್ತದೆ, ಅದು ನೀರಿಗೆ ಬಿಡಬಹುದು.

ಈಗ ಕೂತುಕೊಳ್ಳಿ. ಕುರ್ಚಿಯಾದರೂ ಸರಿ. ಫೋನು ಬೇರೆ ಕೋಣೆಯಲ್ಲಿರಲಿ. ಹರಳನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿ, ಎಡವೋ ಬಲವೋ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಅದರ ತಂಪು, ಆಮೇಲೆ ತೂಕ, ಆಮೇಲೆ ಹೆಬ್ಬೆರಳು ಸವರುತ್ತಾ ಅದರ ಅಂಚು, ತಗ್ಗು, ಎಲ್ಲೋ ಒಂದು ಕಡೆ ಉಳಿದಿರುವ ಸಣ್ಣ ಗೀರು, ಇಷ್ಟನ್ನೇ ಗಮನಿಸುತ್ತಾ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ. ಅಸಲಿ ಕೆಲಸ ನಡೆಯುವುದು ಇಲ್ಲೇ. ಮನಸ್ಸು ಆಫೀಸಿಗೋ ಇಎಂಐಗೋ ಓಡುತ್ತದೆ, ಓಡಲಿ, ಬೈಯಬೇಡಿ, ಮತ್ತೆ ಹೆಬ್ಬೆರಳಿಗೆ ಬನ್ನಿ. ಹರಳು ಪೂರ್ತಿ ಬೆಚ್ಚಗಾದರೆ ಇನ್ನೊಂದು ಕೈಗೆ ಬದಲಿಸಿ. ಐದು ನಿಮಿಷ ಸಾಕು. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತರೆ ಕೆಲವೇ ವಾರಗಳಲ್ಲಿ ರೂಢಿಯಾಗುತ್ತದೆ. ಆಮೇಲೆ ಇಂಟರ್‌ವ್ಯೂಗೆ ಕಾಯುವಾಗ ಜೇಬಿನೊಳಗೆ ಸುಮ್ನೆ ಸವರಿದರೂ ಉಸಿರು ತಾನಾಗಿ ನಿಧಾನವಾದೀತು.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಮೇಲೆತ್ತಿಡಿ, ಬಾಯಿಗೆ ಹಾಕಿಕೊಳ್ಳುತ್ತವೆ. ವಾರಗಟ್ಟಲೆ ನಿದ್ದೆ ಇಲ್ಲ, ಎದೆ ಡವಡವ, ಯಾವುದೂ ಬೇಡ ಅನಿಸುತ್ತಿದೆ ಅಂದರೆ ಹರಳನ್ನು ಜೇಬಿನಲ್ಲೇ ಇಟ್ಟುಕೊಂಡು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.