ಸಾಫ್ಟ್‌ವೇರ್ ಮಾಡಿಸುವ ಮುಂಚೆ ಸ್ಟೋರ್ ರೂಮಿನಲ್ಲಿ ಎರಡು ದಿನ ಕೂತುಕೊಳ್ಳಿ

ನಾನು ಈ ಲೈನಿಗೆ ಬಂದಿದ್ದು 1998ರಲ್ಲಿ. ಆಗ ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ವೈ-ಟು-ಕೆ ಕೆಲಸ. ಕೊಬಾಲ್ ಅನ್ನುವ ಭಾಷೆಯಲ್ಲಿ ಬರೆದ ಹಳೇ ಪ್ರೋಗ್ರಾಂಗಳಲ್ಲಿ ಇಸವಿಗೆ ಎರಡೇ ಅಂಕಿ ಇಟ್ಟಿದ್ದರು, 2000 ಬಂದರೆ ಕಂಪ್ಯೂಟರ್ ಅದನ್ನು 1900 ಅಂದುಕೊಳ್ಳುವ ಭಯ, ಅದನ್ನು ಹುಡುಕಿ ಸರಿಮಾಡಬೇಕಿತ್ತು. ಆ ಕೆಲಸದಲ್ಲಿ ಒಂದು ದೊಡ್ಡ ಅನುಕೂಲ ಇತ್ತು. ಏನು ಮಾಡಬೇಕು, ಯಾವತ್ತಿಗೆ ಮುಗಿಯಬೇಕು, ಮುಗಿಯಿತು ಅಂತ ಹೇಗೆ ತಿಳಿಯುವುದು, ಈ ಮೂರೂ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಸಿಸ್ಟಮ್ಸ್ ಕನ್ಸಲ್ಟೆಂಟ್ ಆಗಿ ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರ ಎಲ್ಲ ಓಡಾಡಿದ್ದೇನೆ, ಈ ಮೂರೂ ಒಟ್ಟಿಗೆ ಗೊತ್ತಿದ್ದ ಪ್ರಾಜೆಕ್ಟ್ ಸಿಕ್ಕಿದ್ದು ತೀರಾ ಕಡಿಮೆ. ಕೆಟ್ಟು ನಿಂತ ಪ್ರಾಜೆಕ್ಟನ್ನು ಬಿಚ್ಚಿ ನೋಡಿದರೆ ಕೋಡ್‌ನಲ್ಲಿ ತಪ್ಪು ಸಿಗುತ್ತದೆ, ನಿಜ. ಆದರೆ ಅದರ ಬೇರು ಕೋಡ್ ಬರೆಯುವುದಕ್ಕಿಂತ ಮುಂಚೆಯೇ ಇರುತ್ತದೆ: ಕೆಲಸ ಮಾಡುವವರನ್ನು ಯಾರೂ ಕೇಳಿರುವುದಿಲ್ಲ. ನೀವು ಸಾಫ್ಟ್‌ವೇರ್ ಮಾಡಿಸುತ್ತಿರಲಿ, ಮಾಡಿಕೊಡುತ್ತಿರಲಿ, ಈ ದಾರಿ ಹಿಡಿಯಿರಿ.

ಮೊದಲು ಎರಡು ದಿನ ಕೆಲಸ ನಡೆಯುವ ಜಾಗದಲ್ಲಿ ಕೂತುಕೊಳ್ಳಿ. ಮೀಟಿಂಗ್ ರೂಮಿನಲ್ಲಿ ಬೇಡ. ಇದನ್ನು ನಾನು ಕಲಿತಿದ್ದು ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ. ಮಾಲೀಕರು, ಮ್ಯಾನೇಜರು ಹೇಳಿದ್ದನ್ನೆಲ್ಲ ಬರೆದುಕೊಂಡು ಸ್ಟಾಕ್ ಸಿಸ್ಟಮ್ ಡಿಸೈನ್ ಮಾಡಿಕೊಟ್ಟೆ. ಮೂರೇ ವಾರಕ್ಕೆ ಸಿಸ್ಟಮ್‌ನಲ್ಲಿ ಒಂದು ಲೆಕ್ಕ, ರ‍್ಯಾಕ್‌ನಲ್ಲಿ ಇನ್ನೊಂದು. ಹೋಗಿ ನೋಡಿದರೆ ಸ್ಟೋರ್ ಕೀಪರ್ ಹತ್ತಿರ ಉದ್ದನೆಯ ಒಂದು ನೋಟ್‌ಬುಕ್ ಇತ್ತು. ಉಕ್ಕಿನ ರಾಡ್ ತರುವುದು ಕೆಜಿ ಲೆಕ್ಕದಲ್ಲಿ, ಕತ್ತರಿಸುವುದು ಮಿಲಿಮೀಟರ್ ಲೆಕ್ಕದಲ್ಲಿ, ಉಳಿದ ತುಂಡು ಇನ್ನೊಂದು ಆರ್ಡರಿಗೆ ಬೇಕು ಅಂತ ಪಕ್ಕಕ್ಕೆ ಇಡುತ್ತಾರೆ, ಪ್ಲೇಟಿಂಗ್‌ಗೆ ಹೊರಗೆ ಕಳಿಸಿದ 500 ಪೀಸು ಒಂದೇ ಸಲ ಬರುವುದಿಲ್ಲ, ಮೂರು ಕಂತಿನಲ್ಲಿ ಬರುತ್ತದೆ, ಅದರಲ್ಲಿ ಕೆಲವು ರಿಜೆಕ್ಟ್ ಆಗಿ ಮತ್ತೆ ಅಲ್ಲಿಗೇ ಹೋಗುತ್ತವೆ. ಇದೆಲ್ಲ ಆ ನೋಟ್‌ಬುಕ್‌ನಲ್ಲಿತ್ತು, ನನ್ನ ಡಿಸೈನ್‌ನಲ್ಲಿ ಇರಲಿಲ್ಲ. ಮುಂಚೆಯೇ ಯಾಕೆ ಹೇಳಲಿಲ್ಲ ಅಂದೆ. "ನನ್ನನ್ನ ಯಾರೂ ಕೇಳಲೇ ಇಲ್ವಲ್ಲ ಸಾರ್" ಅಂದರು. ಎರಡು ತಿಂಗಳ ಕೆಲಸ ಕಿತ್ತು ಮತ್ತೆ ಕಟ್ಟಬೇಕಾಯಿತು.

ಹಾಗಾಗಿ ಆ ನೋಟ್‌ಬುಕ್ ಹುಡುಕಿ. ಪ್ರತಿ ಆಫೀಸಿನಲ್ಲೂ ಒಂದು ಇರುತ್ತದೆ. ಕೆಲವು ಕಡೆ ಅದು ಡ್ರಾಯರ್‌ನಲ್ಲಿರುತ್ತದೆ, ಕೆಲವು ಕಡೆ ಒಬ್ಬರಿಗೆ ಮಾತ್ರ ಅರ್ಥವಾಗುವ ಎಕ್ಸೆಲ್ ಆಗಿರುತ್ತದೆ, ಈಗೀಗ ವಾಟ್ಸಾಪ್ ಗ್ರೂಪ್. ಅದರ ಒಂದೊಂದು ಕಾಲಮ್ ಯಾಕಿದೆ ಅಂತ ಕೇಳಿ. ಕೆಟ್ಟ ದಿನದ ಬಗ್ಗೆ ಜಾಸ್ತಿ ಕೇಳಿ: ಮಾಲು ವಾಪಸ್ ಬಂದಾಗ, ಬಿಲ್ ತಪ್ಪಾದಾಗ, ಸಹಿ ಹಾಕುವವರು ರಜೆಯಲ್ಲಿದ್ದಾಗ ಏನು ಮಾಡುತ್ತೀರಿ?

ನಮ್ಮ ಪಹಣಿಯ ಕಥೆಯನ್ನೇ ನೋಡಿ. ಕರ್ನಾಟಕದಲ್ಲಿ ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ಹಾಕುವ ಮೊದಲ ಪ್ರಯತ್ನ 1991ರಲ್ಲೇ ಶುರುವಾಗಿತ್ತು. ಆದರೆ ದಾಖಲೆ ಇರುವುದು, ತಿದ್ದುವುದು ತಾಲ್ಲೂಕು ಕಚೇರಿಯಲ್ಲಿ. ಅಲ್ಲಿಗೆ ಕಂಪ್ಯೂಟರ್ ಕೊಡುವ ಏರ್ಪಾಡೇ ಅದರಲ್ಲಿ ಇರಲಿಲ್ಲ. ಜಮೀನು ದಿನಾ ಕೈ ಬದಲಾಗುತ್ತದೆ ಅಲ್ವಾ, ಒಂದು ಸಲ ಟೈಪ್ ಮಾಡಿ ಬಿಟ್ಟರೆ ಅದು ಎಷ್ಟು ದಿನ ಸರಿ ಇರುತ್ತದೆ? ಆಮೇಲೆ ಬಂದ ಭೂಮಿ ಯೋಜನೆ ಕಂಪ್ಯೂಟರನ್ನು ತಾಲ್ಲೂಕು ಕಚೇರಿಯಲ್ಲೇ ಇಟ್ಟಿತು. ಸುಮಾರು 2 ಕೋಟಿ ಪಹಣಿ ಒಳಗೆ ಬಂದವು, ಖಾತೆ ಬದಲಾವಣೆಯೂ ಅದರಲ್ಲೇ ಆಗತೊಡಗಿತು, ಕೈಬರಹದ ಪಹಣಿ ನಿಂತಿತು. ಕೊನೆಯದು ಬಹಳ ಮುಖ್ಯ. ಹಳೇ ದಾರಿ ತೆರೆದೇ ಇದ್ದರೆ ಜನ ಅದರಲ್ಲೇ ಓಡಾಡುತ್ತಾರೆ, ಅದು ಅವರ ತಪ್ಪಲ್ಲ. ಹೊಸ ಸಿಸ್ಟಮ್‌ನಲ್ಲಿ ನೋಟ್‌ಬುಕ್ಕಿನ ಅಷ್ಟೂ ಕಾಲಮ್ ಬಂದಿದೆಯಾ ನೋಡಿ, ಬಂದ ಮೇಲೆ ನೋಟ್‌ಬುಕ್ ಮುಚ್ಚಿಸಿ.

ಇನ್ನು "ಮುಗಿಯಿತು" ಅಂದರೆ ಏನು ಅಂತ ಒಂದೇ ಪುಟದಲ್ಲಿ ಬರೆಯಿರಿ. ಸ್ಟೋರಿನವರು ಕನ್ನಡ ಓದುವವರಾದರೆ ಕನ್ನಡದಲ್ಲೇ ಬರೆಯಿರಿ. "ಯೂಸರ್ ಫ್ರೆಂಡ್ಲಿ" ಅಂತೆಲ್ಲ ಬರೆದರೆ ಯಾರಿಗೂ ಉಪಯೋಗವಿಲ್ಲ. "ತಿಂಗಳ 3ನೇ ತಾರೀಖಿನೊಳಗೆ, ಎಕ್ಸೆಲ್ ಮುಟ್ಟದೆ, ಸ್ಟಾಕ್ ಸ್ಟೇಟ್‌ಮೆಂಟ್ ಬರಬೇಕು" ಅಂತ ಬರೆಯಿರಿ. ಆ ಪುಟಕ್ಕೆ ಏನಾದರೂ ಸೇರಿಸಬೇಕಾದರೆ ಒಬ್ಬರೇ ಒಪ್ಪಬೇಕು, ಅವರಿಗೆ ಬೇಡ ಅನ್ನುವ ಅಧಿಕಾರವೂ ಇರಬೇಕು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಕೇಸ್ ಫೈಲ್ ಸಾಫ್ಟ್‌ವೇರಿಗೆ ಸುಮಾರು 17 ಕೋಟಿ ಡಾಲರ್ ಸುರಿದು 2005ರಲ್ಲಿ ಕೈಬಿಟ್ಟಿತು. ಏನು ಬೇಕು ಅನ್ನುವುದು ಬದಲಾಗುತ್ತಲೇ ಇದ್ದದ್ದು ಅದರ ಮುಖ್ಯ ಕಾರಣಗಳಲ್ಲಿ ಒಂದು.

ಹಳೇ ಡೇಟಾ ಕೊನೆಗೆ ನೋಡೋಣ ಅನ್ನಬೇಡಿ. ಮೊದಲ ವಾರವೇ ನೂರು ದಾಖಲೆ ತೆಗೆದು ಹೊಸ ಸಿಸ್ಟಮ್‌ಗೆ ಹಾಕಿ ನೋಡಿ. ನಮ್ಮಲ್ಲಿ ಇದು ಇನ್ನೂ ಜಾಸ್ತಿ ಬೇಕು. ಹಳೇ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ ಯೂನಿಕೋಡ್ (ಈಗಿನ ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಪದ್ಧತಿ) ಅಲ್ಲ, ಸುಮ್ನೆ ಕಾಪಿ ಮಾಡಿದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ. ಕನ್ವರ್ಟರ್ ಹಾಕಿದ ಮೇಲೂ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿದೆಯಾ ಅಂತ ಕನ್ನಡ ಬಲ್ಲವರೊಬ್ಬರು ಕಣ್ಣಲ್ಲಿ ನೋಡಲೇಬೇಕು. ಒಬ್ಬನೇ ಗಿರಾಕಿ "ಮಂಜುನಾಥ ಎಸ್", "ಎಸ್ ಮಂಜುನಾಥ್" ಅಂತ ಎರಡು ಕಡೆ ಇದ್ದರೆ ಬಾಕಿಯೂ ಎರಡು ಕಡೆ ಹಂಚಿಹೋಗಿರುತ್ತದೆ.

ಪ್ರತಿ ವಾರ "ಶೇಕಡಾ ಎಷ್ಟು ಆಯಿತು" ಅಂತ ಕೇಳಬೇಡಿ. ಇವತ್ತು ಯಾವುದು ಓಡುತ್ತಿದೆ ತೋರಿಸಿ ಅನ್ನಿ, ಸ್ಟೋರ್ ಕೀಪರ್ ಕೈಯಲ್ಲೇ ಓಡಿಸಿ. ತಡವಾಗಿದೆ ಅಂತ ಹೇಳಿದ ಹುಡುಗನನ್ನು ಎಲ್ಲರ ಮುಂದೆ ಬೈಯಬೇಡಿ, ಬೈದರೆ ಮುಂದಿನ ವಾರದಿಂದ ನಿಮಗೆ ಒಳ್ಳೇ ಸುದ್ದಿ ಮಾತ್ರ ಬರುತ್ತದೆ, ಪ್ರಾಜೆಕ್ಟ್ ಮುಳುಗುವುದು ಅಲ್ಲಿಂದಲೇ. ತಡವಾಯಿತು ಅಂತ ಇನ್ನೂ ಹತ್ತು ಜನರನ್ನು ತುಂಬಿದರೆ ಇನ್ನೂ ತಡವಾಗುತ್ತದೆ. ಐಬಿಎಂನಲ್ಲಿ ದೊಡ್ಡ ಪ್ರಾಜೆಕ್ಟ್ ನಡೆಸಿದ್ದ ಫ್ರೆಡ್ ಬ್ರೂಕ್ಸ್ ಇದನ್ನು 1975ರಲ್ಲೇ ಹೇಳಿದ್ದರು. ಹೊಸಬರಿಗೆ ಹೇಳಿಕೊಡಬೇಕಾದವರು ಈಗಾಗಲೇ ಕೆಲಸದಲ್ಲಿ ಮುಳುಗಿರುವ ಹಳಬರೇ ತಾನೆ. ತಡವಾದರೆ ಆ ಒಂದು ಪುಟದಿಂದ ಏನನ್ನಾದರೂ ತೆಗೆಯಿರಿ.

ಲೈವ್ ಮಾಡುವ, ಅಂದರೆ ಹೊಸ ಸಿಸ್ಟಮ್ ಅನ್ನು ನಿಜವಾದ ಕೆಲಸಕ್ಕೆ ಬಿಡುವ ದಿನವನ್ನು ಕ್ಯಾಲೆಂಡರ್‌ನಲ್ಲಿ ವಿಶೇಷ ದಿನ ಹುಡುಕಿ ಆರಿಸಬೇಡಿ. ಬಹಳ ಜನ ಏಪ್ರಿಲ್ 1 ಅನ್ನುತ್ತಾರೆ, ಆದರೆ ಅಕೌಂಟ್ಸ್‌ನವರು ವರ್ಷದ ಲೆಕ್ಕ ಮುಗಿಸಲು ಒದ್ದಾಡುವುದು ಆಗಲೇ. ಆಯುಧ ಪೂಜೆಗೆ ಕಂಪ್ಯೂಟರಿಗೆ ಹೂವು, ಕುಂಕುಮ ಇಡಿ, ಲೈವ್ ಮಾತ್ರ ತಿಂಗಳ ನಡುವಿನ ಸಾಧಾರಣ ಮಂಗಳವಾರ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ರಾತ್ರಿ ಬದಲಾಯಿಸಬೇಡಿ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಎಲ್ಲ ಗ್ರಾಹಕರ ಖಾತೆಯನ್ನು ಒಂದೇ ವಾರಾಂತ್ಯದಲ್ಲಿ ಹೊಸ ಸಿಸ್ಟಮ್‌ಗೆ ಸಾಗಿಸಿತು, ಸುಮಾರು 19 ಲಕ್ಷ ಜನ ತಮ್ಮದೇ ಖಾತೆ ತೆರೆಯಲಾಗದೆ ಕೂತರು. ಮೊದಲು ಒಂದು ವಿಭಾಗ, ಒಂದು ತಿಂಗಳು ಹಳೆಯದೂ ಹೊಸದೂ ಜೊತೆಗೆ ನಡೆಯಲಿ, ಹಳೇ ದಾರಿ ಮುಚ್ಚುವುದು ಆಮೇಲೆ. ಕೆಟ್ಟರೆ ಹಿಂದಕ್ಕೆ ಹೋಗುವುದು ಹೇಗೆ, ಆ ನಿರ್ಧಾರ ಯಾರದ್ದು, ಎಷ್ಟು ಗಂಟೆಯೊಳಗೆ, ಇದನ್ನು ಮೊದಲೇ ಬರೆದು ಒಂದು ಸಲ ಮಾಡಿಯೂ ನೋಡಿ.

ಕರಾರಿನಲ್ಲಿ ಎರಡು ವಿಷಯ ಬಿಡಬೇಡಿ. ನಿಮ್ಮ ಡೇಟಾದ ಪೂರ್ತಿ ಕಾಪಿ ಕೇಳಿದಾಗ ಕೊಡಬೇಕು. ಕೊನೆಯ ಕಂತಿನ ಹಣ ಲೈವ್ ಆದ ದಿನ ಕೊಡಬೇಡಿ, ಮೂರು ತಿಂಗಳ ಲೆಕ್ಕ ಹೊಸ ಸಿಸ್ಟಮ್‌ನಲ್ಲೇ ಮುಗಿದ ಮೇಲೆ ಕೊಡಿ. ನಾನೂ ನನ್ನ ಫೀಸನ್ನು ಹಾಗೇ ತೆಗೆದುಕೊಳ್ಳುತ್ತೇನೆ. ಚೆಕ್ ಬರೆಯುವ ಮುಂಚೆ ಸ್ಟೋರ್ ರೂಮಿಗೆ ಇನ್ನೊಂದು ಸಲ ಹೋಗಿ, ಆ ನೋಟ್‌ಬುಕ್‌ನಲ್ಲಿ ಕೊನೆಯ ಎಂಟ್ರಿ ಯಾವ ತಾರೀಖಿನದು ಅಂತ ನೋಡಿಕೊಂಡು ಬನ್ನಿ.