ಹಾಲಿಗೆ ಕೀಟನಾಶಕ ಇಳಿಯದಂತೆ ಹಸು ಸಾಕುವುದು ಹೇಗೆ

ಡೈರಿಯಲ್ಲಿ ಹಾಲು ಹಾಕುವಾಗ ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ) ನೋಡುತ್ತಾರೆ. ನೀರು ಬೆರೆಸಿದ್ದರೆ ಲ್ಯಾಕ್ಟೋಮೀಟರ್ ಹೇಳಿಬಿಡುತ್ತದೆ. ಆದರೆ ಕೀಟನಾಶಕದ ಅಂಶ ಇದೆಯಾ ಇಲ್ಲವಾ ಅಂತ ಹಳ್ಳಿ ಡೈರಿಯ ಈ ಮಿಷಿನ್‌ಗಳು ಹೇಳುವುದಿಲ್ಲ. ಅದಕ್ಕೆ ದೊಡ್ಡ ಲ್ಯಾಬೇ ಬೇಕು. ಅಷ್ಟು ಸಣ್ಣ ಪ್ರಮಾಣಕ್ಕೆ ಹಾಲಿನ ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ, ಕಾಯಿಸಿದರೆ ಒಡೆಯುವುದೂ ಇಲ್ಲ. ಹಾಗಾಗಿ ಇದನ್ನು ಕ್ಯಾನಿಗೆ ಬಂದಮೇಲೆ ಹಿಡಿಯಲು ನಮ್ಮ ಕೈಲಿ ಆಗುವುದಿಲ್ಲ. ಗೊಂತಿನಲ್ಲೇ ತಡೆಯಬೇಕು.

ನಮ್ಮದು ಹಳೇಬೀಡಿನ ಹತ್ತಿರ ಒಂದು ಹಳ್ಳಿ. ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಸೀಮೆಹಸು, ಒಂದು ನಾಟಿ ತಳಿಯ ಹಳ್ಳಿಕಾರ್. ಹೆಚ್ಚಿನ ಹಾಲು ಡೈರಿಗೆ ಹೋಗುತ್ತದೆ, ನಾಲ್ಕು ಮನೆಗೆ ವರ್ತನೆ, ಅಂದರೆ ದಿನಾ ಗೊತ್ತಾದಷ್ಟು ಹಾಲು, ಕೊಡುತ್ತೇನೆ. ಅದರಲ್ಲಿ ಒಂದು ಮನೆಯಲ್ಲಿ ಎರಡು ವರ್ಷದ ಮಗು ಇದೆ, ಇನ್ನೊಂದು ಮನೆಯಲ್ಲಿ ಬಸುರಿ. ಡೈರಿ ಹಾಲು ನೂರಾರು ಹಸುವಿನ ಹಾಲಿನ ಜೊತೆ ಬೆರೆಯುತ್ತದೆ. ವರ್ತನೆ ಹಾಲು ಹಾಗಲ್ಲ. ನನ್ನ ಹಸು ಇವತ್ತು ತಿಂದದ್ದೇ ನಾಳೆ ಆ ಮಗುವಿನ ಲೋಟಕ್ಕೆ ಹೋಗುತ್ತದೆ. ಇದನ್ನು ಬರೆಯಬೇಕು ಅನಿಸಿದ್ದೂ ಅದಕ್ಕೇ. ಸುತ್ತಮುತ್ತ ಇರುವುದು ಮುಸುಕಿನ ಜೋಳ, ಆಲೂಗಡ್ಡೆ, ಶುಂಠಿ. ಮೂರಕ್ಕೂ ಔಷಧಿ ಹೊಡೆಯದೆ ಬೆಳೆ ತೆಗೆಯುವವರು ನಮ್ಮ ಕಡೆ ಕಮ್ಮಿ.

ಮೊದಲು, ಹಾಲಿಗೆ ಹೇಗೆ ಬರುತ್ತದೆ ಅಂತ ತಿಳಿದುಕೊಳ್ಳೋಣ. ಹಸುವಿನ ಬಾಯಿಂದ ಬರುತ್ತದೆ, ಚರ್ಮದಿಂದಲೂ ಬರುತ್ತದೆ. ಕೊಬ್ಬಿನಲ್ಲಿ ಕರಗುವ ಔಷಧಿಗಳೇ ಹೆಚ್ಚು ಕಾಟ ಕೊಡುವುದು. ಅವು ಮೈಯ ಕೊಬ್ಬಿನಲ್ಲಿ ಕೂತು, ಹಾಲಿನ ಜಿಡ್ಡಿನ ಜೊತೆ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತವೆ. ಡಿಡಿಟಿ, ಬಿಎಚ್‌ಸಿ, ಎಂಡೋಸಲ್ಫಾನ್ ಎಲ್ಲ ಈ ಜಾತಿಯವು. ಕೃಷಿಗೆ ಡಿಡಿಟಿ ನಿಂತದ್ದು 1989ರಲ್ಲಿ, ಬಿಎಚ್‌ಸಿ ನಿಂತದ್ದು 1997ರಲ್ಲಿ, ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ಗಿಡದ ಬಿಳಿ ಕಾಂಡಕೊರಕಕ್ಕೆ ಹಿಂದೆ ಕಾಂಡಕ್ಕೆ ಬಳಿಯುತ್ತಿದ್ದ ಬಿಎಚ್‌ಸಿ, ಲಿಂಡೇನ್ ಹಳಬರಿಗೆ ನೆನಪಿರುತ್ತದೆ. ಲಿಂಡೇನ್ ಬಳಕೆ ನಿಂತದ್ದು 2013ರಲ್ಲಿ. ಇವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಹಳೇ ಡಬ್ಬ ಇನ್ನೂ ಅಟ್ಟದ ಮೇಲೋ ಪಂಪ್‌ಹೌಸ್ ಮೂಲೆಯಲ್ಲೋ ಇದ್ದರೆ ದಯವಿಟ್ಟು ಮುಟ್ಟಬೇಡಿ, ಬಳಸಬೇಡಿ. ಹೇಗೆ ವಿಲೇವಾರಿ ಮಾಡುವುದು ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಈಗ ಹೊಡೆಯುವ ಔಷಧಿಗಳಲ್ಲಿ ಬಹಳಷ್ಟು ಹಸುವಿನ ಮೈಯಲ್ಲಿ ಬೇಗ ಒಡೆದು ಗಂಜಲದಲ್ಲಿ ಹೋಗುತ್ತವೆ. ಅದು ಸಮಾಧಾನದ ವಿಷಯ. ಆದರೆ ದಿನಾ ಔಷಧಿ ಬಿದ್ದ ಹುಲ್ಲು ತಿಂದರೆ ದಿನಾ ಸ್ವಲ್ಪ ಬರುತ್ತಲೇ ಇರುತ್ತದೆ ಅಲ್ವಾ?

ಹೆದರಿ ಹಾಲು ಬಿಡಬೇಕಾಗಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ ಉದ್ದಗಲಕ್ಕೂ 6,432 ಹಾಲಿನ ಮಾದರಿ ಪರೀಕ್ಷೆ ಮಾಡಿಸಿತ್ತು. ಕೀಟನಾಶಕ ಮಿತಿ ಮೀರಿದ್ದು ಬೆರಳೆಣಿಕೆಯಷ್ಟೂ ಇರಲಿಲ್ಲ. ಬೂಷ್ಟು ಹಿಡಿದ ಮೇವಿನಿಂದ ಬರುವ ಅಫ್ಲಾಟಾಕ್ಸಿನ್ ಎಂ1 ಮಾತ್ರ ನೂರಕ್ಕೆ ಐದಕ್ಕಿಂತ ಜಾಸ್ತಿ ಮಾದರಿಗಳಲ್ಲಿ ಮಿತಿ ಮೀರಿತ್ತು. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಹಾಗಂತ ಸುಮ್ನೆ ಕೂರುವಂತೆಯೂ ಇಲ್ಲ. ಚಿಕ್ಕ ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ ಹಾಲು ಕುಡಿಯುತ್ತವೆ, ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ನಮ್ಮಲ್ಲಿ ಸರಾಗವಾಗಿ ಸಿಗುವ ಕ್ಲೋರ್‌ಪೈರಿಫಾಸ್ ಮಕ್ಕಳ ಮಿದುಳಿನ ಬೆಳವಣಿಗೆಗೆ ತೊಂದರೆ ಮಾಡಬಹುದು ಅನ್ನುವುದೂ ಒಂದು ಕಾರಣವಾಗಿ ಯುರೋಪಿನಲ್ಲಿ 2020ರಲ್ಲಿ ಅದಕ್ಕೆ ಪರವಾನಗಿ ನವೀಕರಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಲಿಂಡೇನನ್ನು ಕ್ಯಾನ್ಸರ್ ತರುವ ವಸ್ತು ಅಂತಲೇ ಪಟ್ಟಿಗೆ ಸೇರಿಸಿತು. ಡಿಡಿಟಿಯನ್ನು ಕ್ಯಾನ್ಸರ್ ತರುವ ಸಂಭವ ಇರುವುದು ಅಂತ ಸೇರಿಸಿತು.

ಮೇವಿನ ವಿಷಯ

ಕೆಲಸ ಇರುವುದು ಇಲ್ಲೇ.

ಬದುವಿನ ಹುಲ್ಲಿನಿಂದ ಶುರು ಮಾಡಿ. ಮಳೆಗಾಲದಲ್ಲಿ ನಮ್ಮ ಹೆಂಗಸರು ಕುಡುಗೋಲು ಹಿಡಿದು ಹೊರಡುವುದೇ ಬದುವಿಗೆ. ಆ ಬದು ಒಂದು ಕಡೆ ನಮ್ಮದು, ಇನ್ನೊಂದು ಕಡೆ ಪಕ್ಕದವರದ್ದು. ಅವರು ಆಲೂಗಡ್ಡೆಗೆ ಅಂಗಮಾರಿ ಬಂತು ಅಂತ ಔಷಧಿ ಹೊಡೆದರೆ ಗಾಳಿಗೆ ಬಂದು ಬೀಳುವುದು ಈ ಹುಲ್ಲಿನ ಮೇಲೆ. ಕೆಲವರು ಬದುವಿಗೇ ಕಳೆನಾಶಕ ಹೊಡೆಯುತ್ತಾರೆ. ಮೊದಲ ದಿನ, ಎರಡನೇ ದಿನ ಹುಲ್ಲು ಇನ್ನೂ ಹಸಿರಾಗೇ ಕಾಣಬಹುದು. ಕೆಂಪಾಗುವ ಹೊತ್ತಿಗೆ ಹೊರೆ ಮನೆಗೆ ಬಂದಿರುತ್ತದೆ.

ಇದಕ್ಕೆ ನಾನು ಮಾಡಿಕೊಂಡಿರುವುದು ಸರಳವಾದ ಏರ್ಪಾಡು. ಪಕ್ಕದ ಹೊಲದ ಅಣ್ಣನ ಜೊತೆ ಮಾತಾಡಿದ್ದೇನೆ. ಔಷಧಿ ಹೊಡೆಯುವ ಹಿಂದಿನ ಸಂಜೆ ಅವರೇ ಕೂಗಿ ಹೇಳುತ್ತಾರೆ: "ಅಕ್ಕಾ, ನಾಳೆ ಬೆಳಿಗ್ಗೆ ಜೋಳಕ್ಕೆ ಹೊಡೀತೀನಿ, ಹುಲ್ಲು ಬೇಕಾದ್ರೆ ಇವತ್ತೇ ಕುಯ್ಕೊಂಬಿಡಿ." ಹೊಡೆದ ಮೇಲೆ ಬದುವಿನ ತಲೆಯಲ್ಲಿ ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಾರೆ. ಆ ಬಟ್ಟೆ ಇರುವ ತನಕ ಆ ಕಡೆ ಹುಲ್ಲು ಕುಯ್ಯುವುದಿಲ್ಲ, ದನ ಕಟ್ಟುವುದಿಲ್ಲ. ಬೇರೆ ಮನೆಯವರಿಗೂ ಅದು ಕಾಣುತ್ತದೆ. ಪಕ್ಕದವರ ಜೊತೆ ಮಾತುಕತೆ ಇಲ್ಲದಿದ್ದರೆ ಬದುವಿನಿಂದ ದೂರ, ಹೊಲದ ನಡುವೆ ಒಂದಷ್ಟು ಸೀಮೆಹುಲ್ಲು ನೆಟ್ಟುಕೊಳ್ಳಿ. ಬದುವಿನ ಹುಲ್ಲಿನ ಆಸೆ ಬಿಟ್ಟುಬಿಡಿ.

"ಮಳೆ ಬಂತಲ್ಲ, ತೊಳೆದುಹೋಗಿರುತ್ತೆ" ಅನ್ನುವ ಮಾತನ್ನು ನಂಬಬೇಡಿ. ಗಿಡದ ಒಳಗೇ ಹರಿಯುವ ಔಷಧಿಗಳೂ ಇವೆ, ಅವು ಮಳೆಗೆ ಹೋಗುವುದಿಲ್ಲ. ದಿನವೇ ಕಳೆಯಬೇಕು. ಎಷ್ಟು ದಿನ ಅನ್ನುವುದನ್ನು ಬಾಟಲಿಯ ಜೊತೆ ಬರುವ ಮಡಚಿದ ಕಾಗದದಲ್ಲಿ ಬೆಳೆವಾರು ಬರೆದಿರುತ್ತಾರೆ. ಕಡೇ ಸಲ ಹೊಡೆದದ್ದರಿಂದ ಕೊಯ್ಲಿನ ತನಕ ಕಾಯಬೇಕಾದ ದಿನ ಅದು. ಅಕ್ಷರ ಬಹಳ ಸಣ್ಣದು. ನಾನು ಮಗನ ಮೊಬೈಲಿನಲ್ಲಿ ಫೋಟೋ ತೆಗೆಸಿ ದೊಡ್ಡದು ಮಾಡಿ ಓದುತ್ತೇನೆ. ಬಾಟಲಿ ಮೇಲಿನ ಬಣ್ಣವನ್ನೂ ನೋಡಿ. ಕೆಂಪು ಅಂದರೆ ತೀರಾ ವಿಷ, ಆಮೇಲೆ ಹಳದಿ, ನೀಲಿ, ಕಡೆಗೆ ಹಸಿರು. ಹಸಿರು ಇದ್ದರೆ ಏನೂ ಆಗಲ್ಲ ಅಂತ ಅಂಗಡಿಯಲ್ಲಿ ಹೇಳುವುದುಂಟು. ಹಸಿರಿನದ್ದೂ ಕೀಟನಾಶಕವೇ.

ದನಕ್ಕೆ ಅಂತಲೇ ಹಾಕಿದ ಜೋಳಕ್ಕೆ ಔಷಧಿ ಹೊಡೆಯಲೇಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾಗದದಲ್ಲಿರುವ ದಿನಗಳು ಸಾಮಾನ್ಯವಾಗಿ ಕಾಳಿನ ಲೆಕ್ಕದವು. ಮೇವಿನ ಜೋಳವನ್ನು ಎಲೆ ಸಮೇತ ಹಸಿಯಾಗಿಯೇ ಹಾಕುತ್ತೇವೆ. 2018ರಲ್ಲಿ ಕರ್ನಾಟಕದಲ್ಲೇ ಮೊದಲು ಕಾಣಿಸಿಕೊಂಡ ಸೈನಿಕ ಹುಳು ಬಂದಮೇಲೆ ಕಷ್ಟ ಆಗಿದೆ, ನಿಜ. ಆದರೂ ದಾರಿ ಇದೆ. ಮೊಟ್ಟೆಯ ಗುಂಪು ಕಂಡ ಎಲೆ ಕಿತ್ತು ಹಿಸುಕಿ. ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಸುಳಿಯೊಳಗೆ ಒಂದು ಚಿಟಿಕೆ ಹಾಕಿ. ಬೇವಿನ ಬೀಜದ ಕಷಾಯ ನೂರು ಲೀಟರ್ ನೀರಿಗೆ ಐದು ಕಿಲೋ ಬೀಜದ ತಿರುಳಿನ ಲೆಕ್ಕದಲ್ಲಿ ಮಾಡಿ, ಹುಳು ಚಿಕ್ಕದಿರುವಾಗಲೇ ಹೊಡೆಯಿರಿ. ಇನ್ನೂ ಬೇಕಾದರೆ ಹಾಸನದ ಹತ್ತಿರದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಚಿಕ್ಕಮಗಳೂರಿನವರಿಗೆ ಮೂಡಿಗೆರೆಯಲ್ಲಿದೆ. ಹುಳುವಿಗೇ ರೋಗ ತರುವ ಜೈವಿಕ ಶಿಲೀಂಧ್ರದ ಬಗ್ಗೆ ಹೇಳುತ್ತಾರೆ.

ಬಿತ್ತಿ ಮಿಕ್ಕಿದ ಜೋಳದ ಬೀಜ ಇನ್ನೊಂದು. ಕಂಪನಿ ಬೀಜ ಕೆಂಪಗೆ ಅಥವಾ ಗುಲಾಬಿ ಬಣ್ಣಕ್ಕೆ ಇರುವುದು ಔಷಧಿ ಲೇಪಿಸಿದ್ದಾರೆ ಅಂತ ತೋರಿಸುವುದಕ್ಕೆ. ಎರಡು ಕಿಲೋ ಯಾಕೆ ಹಾಳು ಮಾಡುವುದು ಅಂತ ತೊಳೆದು ನುಚ್ಚು ಮಾಡಿ ಹಸುವಿಗೆ ಬೇಯಿಸಿ ಹಾಕುವವರಿದ್ದಾರೆ. ಬಣ್ಣ ಹೋದರೂ ಔಷಧಿ ಪೂರ್ತಿ ಹೋಗುವುದಿಲ್ಲ. ಕೋಳಿಗೂ ಹಾಕಬೇಡಿ.

ಭತ್ತದ ಹುಲ್ಲು ಕೊಳ್ಳುವಾಗ ಜಿಗಿಹುಳುವಿಗೆ ಕಡೇ ಔಷಧಿ ಯಾವಾಗ ಹೊಡೆದಿರಿ ಅಂತ ಮಾರುವವರನ್ನು ಕೇಳಿ. ಕಾಫಿ ತೋಟದಲ್ಲಿ ಕಳೆನಾಶಕವೋ, ಬೋರ್ಡೋ ದ್ರಾವಣವೋ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಹೊಡೆದಿದ್ದರೆ ದನ ಬಿಡಬೇಡಿ. ಶುಂಠಿ ಗದ್ದೆಯಿಂದ ಹರಿದು ಬರುವ ನೀರನ್ನು ಕುಡಿಸಬೇಡಿ. ಔಷಧಿ ಕ್ಯಾನನ್ನು ಕಟ್ಟೆಯಲ್ಲಿ, ದನದ ತೊಟ್ಟಿಯ ಹತ್ತಿರ ತೊಳೆಯಲೇಬಾರದು. ಔಷಧಿ ಬಂದ ಬಕೆಟ್ಟು, ಚೀಲ ಎಷ್ಟು ತೊಳೆದರೂ ಬೂಸಾಕ್ಕೆ ಬೇಡ.

ಉಣ್ಣೆಗೆ ಹಾಕುವ ಔಷಧಿ

ಎಚ್‌ಎಫ್ ಹಸುವಿಗೆ ಉಣ್ಣೆ, ಅಂದರೆ ರಕ್ತ ಹೀರುವ ಉಣ್ಣಿ ಹುಳು, ಜಾಸ್ತಿ. ಉಣ್ಣೆಯಿಂದ ಬರುವ ಜ್ವರ ಹಸುವನ್ನೇ ತೆಗೆದುಬಿಡುತ್ತದೆ. ಹಾಗಾಗಿ ಔಷಧಿ ಹಾಕಲೇಬೇಡಿ ಅಂತ ನಾನು ಹೇಳುವುದಿಲ್ಲ. ಹೇಗೆ ಹಾಕುತ್ತೀರಿ ಅನ್ನುವುದು ಮುಖ್ಯ.

ಹೊಲಕ್ಕೆ ತಂದ ಸೈಪರ್‌ಮೆಥ್ರಿನ್ ಮಿಕ್ಕಿದೆ ಅಂತ ಅದನ್ನೇ ನೀರಿಗೆ ಹಾಕಿ ಹಸುವಿನ ಮೈಗೆ ಹಚ್ಚುವುದು ಎಲ್ಲ ಊರಿನಲ್ಲೂ ಇದೆ. ಹೊಲದ ಔಷಧಿ ಗಟ್ಟಿ ಇರುತ್ತದೆ, ಜೊತೆಗಿರುವ ದ್ರಾವಕವೂ ಬೇರೆ. ಚರ್ಮದಿಂದ ಒಳಗೆ ಹೋಗುತ್ತದೆ, ನೆಕ್ಕಿ ಬಾಯಿಂದಲೂ ಹೋಗುತ್ತದೆ. ಕೊಟ್ಟಿಗೆಯ ನೊಣಕ್ಕೆ ಹೊಡೆಯುತ್ತಿದ್ದ ಡೈಕ್ಲೋರ್‌ವಾಸ್, ಶುಂಠಿಗೆ ಹಾಕುತ್ತಿದ್ದ ಫೋರೇಟ್ ಗುಳಿಗೆ ಎರಡೂ 2020ರ ಕೊನೆಗೆ ನಿಷೇಧವಾಗಿವೆ. ಯಾರಾದರೂ ಕದ್ದು ಕೊಟ್ಟರೂ ತರಬೇಡಿ.

ದನಕ್ಕೆ ಅಂತಲೇ ಬರುವ ಔಷಧಿಯನ್ನು ಪಶು ಡಾಕ್ಟರು ಹೇಳಿದ ಅಳತೆಗೇ ಬೆರೆಸಿ. ಸಂಜೆ ಹಾಲು ಕರೆದಾದ ಮೇಲೆ ಹಾಕಿ. ಹುಲ್ಲು, ನೀರು ಪಕ್ಕಕ್ಕೆ ಸರಿಸಿ. ಕಿವಿಯ ಒಳಮಗ್ಗಲು, ಗಂಗೆದೊಗಲು, ಬಾಲದ ಬುಡ, ತೊಡೆ ಸಂದಿ ನೋಡಿ ಹಚ್ಚಿ. ಕೆಚ್ಚಲಿಗೂ ಮೊಲೆಗೂ ಬೇಡ, ಅಲ್ಲಿರುವುದನ್ನು ಕೈಯಲ್ಲೇ ಕಿತ್ತು ಬೆಂಕಿಗೆ ಹಾಕಿ. ಮೈ ಒಣಗುವ ತನಕ ನೆಕ್ಕದಂತೆ ಗಿಡ್ಡ ಕಟ್ಟಿ. ಬೆಳಿಗ್ಗೆ ಕೆಚ್ಚಲನ್ನು ಬಿಸಿನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಕರೆಯಿರಿ. ಎಷ್ಟು ಹೊತ್ತಿನ ಹಾಲು ಬಿಡಬೇಕು ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಇಂಜೆಕ್ಷನ್ ಕೊಡುವಾಗಲಂತೂ "ಹಾಲು ಕೊಡ್ತಿರೋ ಹಸು ಸಾರ್" ಅಂತ ಹೇಳಲೇಬೇಕು. ಹುಳು, ಉಣ್ಣೆಗೆ ಕೊಡುವ ಐವರ್‌ಮೆಕ್ಟಿನ್ ಚುಚ್ಚಿದರೆ ವಾರಗಟ್ಟಲೆ ಹಾಲಿನಲ್ಲಿ ಬರುತ್ತದೆ, ಕರೆಯುವ ಹಸುವಿಗೆ ಅದು ಆಗುವುದಿಲ್ಲ.

ಉಣ್ಣೆ ಇರುವುದು ಹಸುವಿನ ಮೈಯಲ್ಲಿ ಮಾತ್ರ ಅಲ್ಲ. ರಕ್ತ ಕುಡಿದು ಊದಿದ ಹೆಣ್ಣು ಉಣ್ಣೆ ಉದುರಿ, ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಗೋಡೆಯ ಬಿರುಕು ಮುಚ್ಚಿ ಸುಣ್ಣ ಬಳಿದರೆ, ಗೊಂತಿನ ಕೆಳಗಿನ ಕಸ ತೆಗೆದು ಸುಟ್ಟರೆ ಮೈಗೆ ಹಾಕುವ ಔಷಧಿ ಕಮ್ಮಿ ಆಗುತ್ತದೆ. ನಾಟಿ ಕೋಳಿ ಕೊಟ್ಟಿಗೆಯಲ್ಲಿ ಓಡಾಡಿದರೆ ಉಣ್ಣೆ ಹೆಕ್ಕಿ ತಿನ್ನುತ್ತದೆ. ಆದರೆ ಔಷಧಿ ಹಾಕಿದ ದಿನ ಕೋಳಿ ಬಿಡಬೇಡಿ.

ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರು ಹೇಳಿಕೊಡುವ ಒಂದು ಮನೆಮದ್ದನ್ನು ಉಣ್ಣೆ ಕಮ್ಮಿ ಇರುವಾಗ ಬಳಸುತ್ತೇನೆ. ಬೆಳ್ಳುಳ್ಳಿ ಹತ್ತು ಎಸಳು, ಬೇವಿನ ಸೊಪ್ಪು, ಬೇವಿನ ಹಣ್ಣು, ತುಳಸಿ, ಲಂಟಾನ ಸೊಪ್ಪು ಒಂದೊಂದು ಹಿಡಿ, ಬಜೆ ಹತ್ತು ಗ್ರಾಂ, ಅರಿಶಿನ ಇಪ್ಪತ್ತು ಗ್ರಾಂ. ಎಲ್ಲ ರುಬ್ಬಿ, ಒಂದು ಲೀಟರ್ ನೀರು ಬೆರೆಸಿ, ಸೋಸಿ ಮೈಗೆ ಸಿಂಪಡಿಸಬೇಕು. ಲಂಟಾನ ಹೊಟ್ಟೆಗೆ ವಿಷ, ಆದ್ದರಿಂದ ಇದನ್ನೂ ನೆಕ್ಕಲು ಬಿಡಬೇಡಿ.

ಕೊಟ್ಟಿಗೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಿ. ಯಾವ ಹಸುವಿಗೆ ಯಾವ ಔಷಧಿ, ಯಾವತ್ತು, ಎಷ್ಟು ದಿನ ಹಾಲು ಬೇಡ ಅಂತ ಬರೆಯಿರಿ. ಮನೆಯಲ್ಲಿ ಹಾಲು ಕರೆಯುವವರು ಒಬ್ಬರೇ ಅಲ್ಲವಲ್ಲ.

ಬೂಷ್ಟು

ಇದು ಕೀಟನಾಶಕ ಅಲ್ಲ, ಆದರೂ ಹಾಲಿಗೆ ಬರುವ ದಾರಿ ಒಂದೇ. ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ, ಜೋಳದ ನುಚ್ಚು ಮಳೆಗಾಲದಲ್ಲಿ ತೇವ ಹಿಡಿದರೆ ಅಫ್ಲಾಟಾಕ್ಸಿನ್ ಹುಟ್ಟುತ್ತದೆ. ಕಾಯಿಸಿದರೂ ಸಾಯುವ ವಸ್ತು ಅಲ್ಲ. ಹಾಲಿನಲ್ಲಿ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ, ಅಂದರೆ ಕಣ್ಣಿಗೆ ಕಾಣದಷ್ಟು. ಚೀಲಗಳನ್ನು ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ. ಹಸಿರು, ಕಪ್ಪು ಬೂಷ್ಟು ಕಂಡ ಹಿಂಡಿಯನ್ನು ಬಿಸಿಲಿಗೆ ಹಾಕಿ ಕೊಡವಿ ಬಳಸಬೇಡಿ, ತಿಪ್ಪೆಗೆ ಹಾಕಿ. ಕೆಟ್ಟ ಮೇವು ನಿಲ್ಲಿಸಿದರೆ ಕೆಲವೇ ದಿನದಲ್ಲಿ ಹಾಲಿನಲ್ಲಿ ಇಳಿದುಹೋಗುತ್ತದೆ.

ಹಸುವಿಗೆ ವಿಷ ತಾಗಿದರೆ

ಜೊಲ್ಲು ಸುರಿಯುವುದು, ಕಣ್ಣಲ್ಲಿ ನೀರು, ಮೈ ನಡುಕ, ಭೇದಿ, ಉಸಿರು ಕಟ್ಟುವುದು ಕಂಡರೆ ತಡ ಮಾಡಬೇಡಿ. ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಯಾವ ಔಷಧಿ ಅಂತ ಗೊತ್ತಿದ್ದರೆ ಬಾಟಲಿಯನ್ನೇ ತೋರಿಸಿ, ಡಾಕ್ಟರಿಗೆ ಅದರಿಂದಲೇ ಚಿಕಿತ್ಸೆ ಗೊತ್ತಾಗುವುದು. ಮೈಮೇಲೆ ಬಿದ್ದಿದ್ದರೆ ಕೈಗೆ ಗ್ಲೌಸ್ ಹಾಕಿಕೊಂಡು ಸೋಪುನೀರಿನಲ್ಲಿ ತೊಳೆಯಿರಿ. ಹಸು ಚೇತರಿಸಿಕೊಂಡು ಮೊದಲಿನಂತೆ ಹಾಲು ಕೊಟ್ಟರೂ ಡಾಕ್ಟರು ಹೇಳುವ ತನಕ ಆ ಹಾಲು ಡೈರಿಗೂ ಬೇಡ, ಮನೆಗೂ ಬೇಡ, ಕರುವಿಗೂ ಬೇಡ. ದುಡ್ಡು ಹೋಗುತ್ತದೆ, ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಕುಡಿಯುವವರಿಗೆ ಅದು ಗೊತ್ತಿರುವುದಿಲ್ಲ, ನಮಗೆ ಗೊತ್ತಿರುತ್ತದೆ.

ಹಾಲು ಕೊಳ್ಳುವವರಿಗೆ

ಹಾಲನ್ನು ಕಾಯಿಸಿಯೇ ಕುಡಿಯಿರಿ, ಆದರೆ ಅದು ರೋಗಾಣುಗಳಿಗೆ. ಕೀಟನಾಶಕ ಕಾಯಿಸಿದರೆ ಹೋಗುವುದಿಲ್ಲ. ಕೊಬ್ಬಿನಲ್ಲಿ ಕರಗುವಂಥದ್ದು ಕೆನೆಗೆ, ಬೆಣ್ಣೆಗೆ, ತುಪ್ಪಕ್ಕೆ ಹೋಗಿ ಕೂರುತ್ತದೆ. ಕೆನೆ ತೆಗೆದರೆ ಹಾಲಿನಲ್ಲಿ ಅಷ್ಟು ಕಮ್ಮಿ. ಹಾಗಂತ ಬೆಳೆಯುವ ಮಗುವಿಗೆ ಕೆನೆ ತಪ್ಪಿಸಬೇಡಿ, ಒಳ್ಳೆಯ ಕಡೆಯಿಂದ ಹಾಲು ತನ್ನಿ.

ವರ್ತನೆ ಹಾಲು ತೆಗೆದುಕೊಳ್ಳುವವರು ಒಂದು ಸಲ ಕೊಟ್ಟಿಗೆಗೆ ಬಂದು ನೋಡಿ. ಹುಲ್ಲು ಎಲ್ಲಿಂದ ತರುತ್ತೀರಿ, ಉಣ್ಣೆಗೆ ಏನು ಹಾಕುತ್ತೀರಿ, ಹಾಕಿದ ದಿನದ ಹಾಲು ಏನು ಮಾಡುತ್ತೀರಿ ಅಂತ ಕೇಳಿ. ನಮ್ಮಂಥವರಿಗೆ ಬೇಜಾರಿಲ್ಲ. "ಇವತ್ತು ಒಂದು ಹಸುವಿನ ಹಾಲಿಲ್ಲಮ್ಮ, ಔಷಧಿ ಹಾಕಿದೀವಿ" ಅಂತ ನಿಮ್ಮ ಹಾಲಿನವರು ಹೇಳಿದ ದಿನ ಅವರ ಮೇಲೆ ಸಿಟ್ಟಾಗಬೇಡಿ, ಬೇರೆಯವರ ಹತ್ತಿರ ವರ್ತನೆ ಬದಲಾಯಿಸಬೇಡಿ. ಅವತ್ತಿಗೆ ಒಂದು ಪ್ಯಾಕೆಟ್ ಹಾಲು ತಂದುಕೊಳ್ಳಿ.